ಅಪ್ಪನ ಪರದೆಯಲ್ಲಿ ನಿನ್ನ ಹಿಮನದಿ

ಮನೆ,
ಮಾರ್ಚ್ ೧೪, ಭಾನುವಾರ

ಪ್ರೀತಿಯ ತಂಗೀ,

ಹೇಗಿದ್ದೀಯ? ಕಾಲ್ಬೆರಳಿನ ಊತ ಇಳಿಯಿತೇ? ಎರಡು ಜೊತೆ ಕಾಲುಚೀಲ ಹಾಕಿಕೋ. ಹಿಮದ ವಿಜ್ಞಾನಿಗೆ ಅಕ್ಕ ಬುದ್ಧಿ ಹೇಳುತ್ತಾಳೆಂದು ನಗಬೇಡ. ಇಲ್ಲಿ ನಾವಿಬ್ಬರೂ ಕ್ಷೇಮ. ಅಪ್ಪನ ಮಂಡಿನೋವು ಹಾಗೇ ಇದೆ. ಕುರ್ಚಿ ಬಿಟ್ಟು ಏಳುವುದೇ ಅಪರೂಪವಾದ್ದರಿಂದ ಅವರಿಗದು ಗೊತ್ತಾಗುವುದಿಲ್ಲ, ಅಷ್ಟೆ.

ಅದಕ್ಕೆ ಕಾರಣ ನೀನೇ. ಹೋಗುವ ಮುಂಚೆ ಕಂಪ್ಯೂಟರಿನಲ್ಲಿ ಆ ತಿರುಗುವ ಭೂಗೋಳ ಹಾಕಿಕೊಟ್ಟು, ನಿಮ್ಮ ಡೇರೆ ಇರುವ ಕಡೆ ಹಳದಿ ಗುರುತು ಇಟ್ಟು ಹೋದೆಯಲ್ಲ. ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಅಪ್ಪ ಭೂಮಿಯನ್ನು ತಿರುಗಿಸುತ್ತಿರುತ್ತಾರೆ. ಸಂಜೆ ಬಂದರೆ ನಿನ್ನ ಹಿಮನದಿಯ ಮೇಲೆ ಹಾರುತ್ತಿರುತ್ತಾರೆ. ನೀನು ಕಳಿಸುವ ಹೊಸ ಚಿತ್ರಗಳನ್ನು ಹಳೆಯವುಗಳ ಮೇಲೆ ಹಾಸಿ, ಹಿಮ ಎಷ್ಟು ಹಿಂದೆ ಸರಿಯಿತೆಂದು ಗೆರೆ ಎಳೆದು ಅಳೆಯುತ್ತಾರೆ. ಅಂಚೆ ತರುವ ಹೆಂಗಸನ್ನೂ ಬಿಡುವುದಿಲ್ಲ: "ನೋಡಮ್ಮ, ಇಲ್ಲೇ ನನ್ನ ಮಗಳು ಮಲಗೋದು." ಮೊನ್ನೆ ಆಕೆ ನನ್ನನ್ನು ತೋರಿಸಿ ಅಪ್ಪನನ್ನು, "ಹಾಗಾದ್ರೆ ಇವರು ನಿಮ್ಮ ಸೊಸೆನಾ?" ಎಂದು ಕೇಳಿದಳು. ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ.

ಮುಚ್ಚಿಡುವುದೇಕೆ, ಹೊಟ್ಟೆಕಿಚ್ಚು ಕಣೇ. ನಿನ್ನ ಹಿಮನದಿ ಎಷ್ಟು ಮೀಟರ್ ಸರಿದಿದೆಯೆಂದು ಅವರಿಗೆ ಬಾಯಿಪಾಠ. ಇಷ್ಟು ವರ್ಷದಿಂದ ನಾನು ಪಾಠ ಮಾಡುವ ಶಾಲೆ ಯಾವ ಬೀದಿಯಲ್ಲಿದೆ ಎಂದರೆ ತಡವರಿಸುತ್ತಾರೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಿದ್ದರು. ಈ ತಂತ್ರಾಂಶ ಬಂದ ಮೇಲೆ ಆ ಮಾತೂ ಸುಳ್ಳಾಯಿತು. ದೂರದ ಬೆಟ್ಟದ ಒಂದೊಂದು ಬಿರುಕೂ ಕಾಣುತ್ತದೆ, ಎದುರಿಗೆ ತಟ್ಟೆ ಇಡುವ ಮಗಳು ಮಾತ್ರ ಕಾಣುವುದಿಲ್ಲ.

ಆ ಕಿಚ್ಚಿನಲ್ಲೇ ನಾನೂ ಆ ಭೂಗೋಳವನ್ನು ತರಗತಿಗೆ ಒಯ್ದೆ. ಎಂಟನೆಯ ತರಗತಿಗೆ ನದಿಯ ಕೊರೆತದ ಪಾಠ ಬಂದಿತ್ತು. ಶಾಲೆಯ ಹಿಂದಿನ ನದಿಯನ್ನೇ ಗೋಳದ ಮೇಲೆ ಹುಡುಕಿ, ಉಪಗ್ರಹ ತೆಗೆದ ಹಳೆಯ ವರ್ಷಗಳ ಚಿತ್ರಗಳನ್ನು ಒಂದೊಂದಾಗಿ ತೋರಿಸಿದೆ. ಗಲಾಟೆ ತಾನಾಗಿ ನಿಂತಿತು. ಕೊನೆಯ ಬೆಂಚಿನ ಮಾತಿನಮಲ್ಲಿ ಎದ್ದು, "ಟೀಚರ್, ನದಿ ನಮ್ಮ ಮೈದಾನ ತಿಂತಾ ಇದೆ" ಎಂದಳು. ನಿಜ. ತಿರುವಿನಲ್ಲಿ ದಡ ವರ್ಷವರ್ಷವೂ ಬೇಲಿಯ ಕಡೆ ಸರಿದು ಬಂದಿತ್ತು. ಮರುದಿನದಿಂದ ಹಗ್ಗ, ಗೂಟ ಹಿಡಿದು ಹೊರಟೆವು. ಪರದೆಯಲ್ಲಿ ಅಳೆದದ್ದನ್ನು ನೆಲದಲ್ಲೂ ಅಳೆದೆವು. ಎರಡೂ ತಾಳೆಯಾಗದ ಕಡೆ ಜಗಳವಾಡಿ ಮತ್ತೆ ಅಳೆದೆವು. ಒಂದು ಕಡೆ ಮರದ ನೆರಳನ್ನೇ ದಡವೆಂದುಕೊಂಡಿದ್ದೆವು. ಕೊನೆಗೆ ದಡ ಯಾವ ವರ್ಷ ಎಲ್ಲಿತ್ತೆಂದು ಬಣ್ಣಬಣ್ಣದ ಗೆರೆಗಳಾಗಿ ಆ ಗೋಳದ ಮೇಲೇ ಕೂರಿಸಿದೆವು. ಅದನ್ನು ನೋಡಿ ಮುಖ್ಯೋಪಾಧ್ಯಾಯರು ಮೈದಾನದ ಬೇಲಿಯನ್ನು ಒಳಕ್ಕೆ ಹಾಕಿಸಿದರು.

ಅಪ್ಪನಿಗೂ ತೋರಿಸಿದೆ. ನಿನ್ನ ಹಿಮನದಿಯನ್ನು ಪಕ್ಕಕ್ಕಿಟ್ಟು, ಮೊದಲ ಸಲ ಅವರನ್ನು ನನ್ನ ಶಾಲೆಯ ತಾರಸಿಯ ಮೇಲೆ ಇಳಿಸಿದೆ. ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಫಲಿತಾಂಶಕ್ಕೆ ಕಾದ ಹುಡುಗಿಯ ಹಾಗೆ ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ಅಂದರು: "ಚೆನ್ನಾಗಿದೆ. ತಂಗಿಗೆ ಕಳಿಸು, ಸರಿಯಿದೆಯಾ ಅಂತ ಅವಳು ನೋಡಿ ಹೇಳ್ತಾಳೆ."

ನಿನಗೆ ಕಳಿಸಲಿಲ್ಲ. ಒಳಗೆ ಹೋಗಿ ಪಾತ್ರೆ ತೊಳೆದೆ, ಇಡೀ ಬೀದಿಗೆ ಕೇಳುವ ಹಾಗೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಮಕ್ಕಳಿಂದ ಎಷ್ಟು ಸಲ ಅರ್ಥ ಬರೆಸಿದ್ದೇನೋ. ಅದು ನನಗೆ ತಿಳಿದದ್ದು ಅಂದು. ನಿನ್ನದೇನೂ ತಪ್ಪಿಲ್ಲ. ಕಷ್ಟ ಇರುವುದೂ ಅಲ್ಲೇ. ಒಂದಾದರೂ ತಪ್ಪಿದ್ದಿದ್ದರೆ ನಿನ್ನನ್ನು ಬೈದು ಹಗುರಾಗುತ್ತಿದ್ದೆ.

ಬಿರುಕು ಬಿಟ್ಟ ಹಿಮದ ಮೇಲೆ ಒಬ್ಬಳೇ ಓಡಾಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಎಷ್ಟೇ ಉರಿದುಕೊಂಡರೂ ನಿನ್ನ ತಲೆಗೂದಲೂ ಕೊಂಕದಿರಲಿ ಎಂದು ಹರಸುವ,

ನಿನ್ನ ಅಕ್ಕ

ಮರೆತೆ: ನದಿಯ ಆ ಕೆಲಸವನ್ನು ನೇರವಾಗಿ ನಿಮ್ಮ ಸಂಸ್ಥೆಗೇ ಕಳಿಸಿದ್ದೆ. ಮುಂದಿನ ತಂಡದ ಜೊತೆ ಒಬ್ಬ ಶಾಲಾ ಶಿಕ್ಷಕರನ್ನೂ ಹಿಮನದಿಗೆ ಕರೆದೊಯ್ಯುತ್ತಾರಂತಲ್ಲ, ಅದಕ್ಕೆ ನನ್ನನ್ನು ಆರಿಸಿದ್ದಾರೆ. ನಿನ್ನ ಅಕ್ಕ ಎಂದು ಅರ್ಜಿಯಲ್ಲಿ ಎಲ್ಲೂ ಬರೆದಿರಲಿಲ್ಲ. ನೀನು ಜೂನ್ ಹೊತ್ತಿಗೆ ಮನೆಗೆ ಬಾ. ಮೂರು ತಿಂಗಳು ಅಪ್ಪನ ಊಟ, ಔಷಧಿ ನಿನ್ನ ಪಾಲು. ಅವರಿಗೆ ಇನ್ನೂ ಹೇಳಿಲ್ಲ. ನೀನೇ ಹೇಳು. ನೀನು ಹೇಳಿದರೆ ನಂಬುತ್ತಾರೆ.