ಏಳನೇ ನಂಬರಿನ ಏಡಿ

ಬೆಟಗೇರಿ,
೨ ಅಕ್ಟೋಬರ್ ೧೯೫೬, ಮಂಗಳವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀ? ಕೆಮ್ಮು ಹೋಯಿತೇ? ಉಪ್ಪುಗಾಳಿಗೆ ತುಟಿ ಒಡೆದಿವೆ ಎಂದು ನೀನು ಆಗಸ್ಟಿನ ಪತ್ರದಲ್ಲಿ ಬರೆದಿದ್ದೆ. ಅವ್ವ ಅಂದೇ ಬೆಣ್ಣೆ ಕಾಸಿ ತುಪ್ಪದ ಡಬ್ಬಿ ತುಂಬಿಟ್ಟಳು. ಕಾರವಾರಕ್ಕೆ ಹೋಗುವವರು ಯಾರೂ ಸಿಗದೆ ಅದು ಹಾಗೇ ಗೂಡಿನಲ್ಲಿ ಕುಳಿತಿದೆ. ನಾವೆಲ್ಲ ಆರಾಮ ಎಂದು ಬರೆಯಲು ಹೊರಟೆ, ಕೈ ನಿಂತುಬಿಟ್ಟಿತು. "ಕಂಡದ್ದಷ್ಟ ಬರಿ ನೀಲಾ, ತಿಳಕೊಂಡದ್ದ ಬರೀಬ್ಯಾಡ" ಎಂದು ಕಲಿಸಿದವನು ನೀನೇ ಅಲ್ಲವೇ? ಹಾಗಾದರೆ ಕಂಡದ್ದು ಇಷ್ಟು: ಅವ್ವ ತಾಟಿನ ಮುಂದೆ ಕೂತು ಎದ್ದುಹೋಗುತ್ತಾಳೆ. ಅಪ್ಪನ ಮಗ್ಗ ನಾಲ್ಕು ದಿನದಿಂದ ಸದ್ದು ಮಾಡಿಲ್ಲ. ನಾನು ಆರಾಮ.

ಮೊದಲು ನಿನ್ನ ಬಾಡಿಗೆದಾರರ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆ ಒಡೆಯುತ್ತದೆ! ಕಡಲ ಜೀವಿಗಳನ್ನು ಕಲಿಯುವ ಶಿಬಿರಕ್ಕೆ ಸ್ವಯಂಸೇವಕನಾಗಿ ಹೋಗುತ್ತೇನೆಂದು ನೀನು ಹೊರಟಾಗ ಓಣಿಯವರೆಲ್ಲ ನಕ್ಕಿದ್ದರು ನೋಡು, "ನೇಕಾರರ ಹುಡುಗ ಮೀನಿಗೆ ಸೀರಿ ಉಡಸಾಕ ಹೊಂಟಾನ" ಎಂದು. ಈಗ ಅವರೇ ಶಾಲೆಯ ಕಿಟಕಿಯಲ್ಲಿ ಇಣುಕುತ್ತಾರೆ. ನೀನು ಲಾರಿಯಲ್ಲಿ ಕಳಿಸಿದ ಹನ್ನೆರಡು ಏಡಿಗಳು ಗಾಜಿನ ತೊಟ್ಟಿಯಲ್ಲಿ ಸಂಸಾರ ಹೂಡಿವೆ. ಒಂದೊಂದೂ ಯಾವುದೋ ಸತ್ತ ಹುಳುವಿನ ಶಂಖದೊಳಗೆ ಹೊಕ್ಕು, ಪರರ ಮನೆ ಹೊತ್ತು ತಿರುಗುವುದನ್ನು ನೋಡುವುದೇ ಒಂದು ಮಜಾ. ಶಂಖಗಳ ಮೇಲೆ ನೀನು ಬರೆದ ಕೆಂಪು ನಂಬರು ಇನ್ನೂ ಅಳಿಸಿಲ್ಲ. ನೀರಿನ ಉಪ್ಪು ನೋಡಲು ನನ್ನ ಬೆಂಚಿನ ಮಾಸುಮಬಿ ಮನೆಯಿಂದ ಕೋಳಿಮೊಟ್ಟೆ ತರುತ್ತಾಳೆ. ನೀರು ಆರಿ ಉಪ್ಪು ಹೆಚ್ಚಾಗಿ, ಮೊಟ್ಟೆಗೆ ಎಳೆದ ಗೆರೆಗಿಂತ ಮೇಲಕ್ಕೆ ಅದು ತೇಲಿದರೆ ಮಳೆನೀರು ಬೆರೆಸುತ್ತೇವೆ, ನೀನು ಹೇಳಿದ ಹಾಗೇ. ಗಾಳೆಪ್ಪ ಮಾಸ್ತರರು ಮೊಟ್ಟೆಯನ್ನು ಮುಟ್ಟುವುದಿಲ್ಲ, ದೂರ ನಿಂತು ಕೋಲಿನಿಂದ ತೋರಿಸುತ್ತಾರೆ!

ಆದರೆ ಅಣ್ಣಾ, ಒಂದು ಮಾತು ನೀನು ನಮಗೆ ಮೊದಲೇ ಹೇಳಬೇಕಿತ್ತು. ದಿನಕ್ಕೆರಡು ಸಲ ಅವೆಲ್ಲ ಒಟ್ಟಿಗೆ ಎದ್ದು ಒಂದೇ ಬದಿಯ ಗಾಜಿಗೆ ಬರುತ್ತವೆ. ದಿನದಿಂದ ದಿನಕ್ಕೆ ಮುಕ್ಕಾಲು ತಾಸು ತಡ. ನೀನು ಕಳಿಸಿದ ಕಾರವಾರದ ಭರತ ಇಳಿತದ ಪಟ್ಟಿಯನ್ನು ಪಕ್ಕಕ್ಕಿಟ್ಟು ನೋಡಿದೆವು. ಅಲ್ಲಿ ಕಡಲು ಏರುವ ಹೊತ್ತಿಗೆ ಇಲ್ಲಿ ಇವು ಏಳುತ್ತಿವೆ! ನಡುವೆ ನೂರು ಮೈಲಿಗೂ ಹೆಚ್ಚು ನೆಲವಿದೆ. ತೊಟ್ಟಿಯಲ್ಲಿ ಅಲೆಯಿಲ್ಲ, ಏನಿಲ್ಲ. ಮಾಸ್ತರರು ತೊಟ್ಟಿಯನ್ನೇ ಹಿಂದುಮುಂದಾಗಿ ತಿರುಗಿಸಿಟ್ಟರು. ಮುಂದಿನ ಭರತಕ್ಕೆ ಹನ್ನೆರಡೂ ನಿಧಾನವಾಗಿ ಉಸುಕು ದಾಟಿ, ಮತ್ತೆ ಪಡುವಣ ಗಾಜಿಗೇ ಬಂದು ನಿಂತವು. ಮಾಸ್ತರರು ಕನ್ನಡಕ ಒರೆಸಿಕೊಂಡು, "ಸಮುದ್ರ ಇವನ್ನ ಇನ್ನೂ ಬಿಟ್ಟಿಲ್ಲ ಬಿಡ್ರಿ" ಎಂದರು.

ಸೆಪ್ಟೆಂಬರ್ ಏಳು, ಶುಕ್ರವಾರ ಮಧ್ಯಾಹ್ನ ಮೂರು ಗಂಟೆ. ಪಾಳಿ ನನ್ನದು ಮತ್ತು ಮಾಸುಮಬಿಯದು. ಏಳನೇ ನಂಬರಿನದು ಶಂಖದ ಹೊರಗೆ ಬಿದ್ದಿತ್ತು. ಕಾಲು, ಕೊಂಡಿ, ಕಡ್ಡಿಯ ಮೇಲಿನ ಕಣ್ಣು, ಮೀಸೆ ಎಲ್ಲ ಇದ್ದವು, ಅಲುಗಾಟ ಮಾತ್ರ ಇರಲಿಲ್ಲ. ನಾನು ಅಳತೊಡಗಿದೆ. "ಏ, ಈಕಡಿ ಬಾರವ್ವ, ಕಣ್ಣೀರು ಬಿದ್ದು ಉಪ್ಪು ಹೆಚ್ಚಾದೀತು" ಎಂದು ಗದರಿಸಿ ತಾನೂ ಅತ್ತಳು ಮಾಸುಮಬಿ. ದಾಖಲೆ ಪುಸ್ತಕದಲ್ಲಿ 'ಏಳು: ಸತ್ತಿತು' ಎಂದು ಬರೆದೆವು. ಬೇವಿನ ಗಿಡದ ಕೆಳಗೆ ಹೂಳಿ, ಮೇಲೆ ಒಂದು ಹಿಡಿ ಉಪ್ಪು ಹಾಕಿದೆವು. ಶಂಖವನ್ನು ಮಾತ್ರ ತೊಟ್ಟಿಯಲ್ಲೇ ಬಿಟ್ಟೆವು.

ಹನ್ನೊಂದನೇ ದಿನ ಭರತದ ಹೊತ್ತಿಗೆ ಎಣಿಸಿದರೆ ಪಡುವಣ ಗಾಜಿನ ಹತ್ತಿರ ಹನ್ನೆರಡು! ಮತ್ತೆ ಎಣಿಸಿದೆವು, ಹನ್ನೆರಡೇ. ಖಾಲಿ ಎಂದುಕೊಂಡಿದ್ದ ಏಳನೇ ನಂಬರಿನ ಶಂಖ ಎಲ್ಲಕ್ಕಿಂತ ಮುಂದೆ ನಡೆಯುತ್ತಿತ್ತು. ಹುಡುಗರು ಬೆಂಚು ಬೀಳಿಸಿ ಹೊರಗೆ ಓಡಿದರು. ಮಾಸ್ತರರು ಬೇವಿನ ಬುಡ ಅಗೆಸಿದರು. ಸಿಕ್ಕದ್ದು ಕಾಗದದಷ್ಟು ಹಗುರ, ಒಳಗೆ ಏನೂ ಇಲ್ಲ, ಬೆನ್ನ ಮೇಲೆ ಮಾತ್ರ ಒಂದು ಸೀಳು. ಹಾವು ಪೊರೆ ಬಿಟ್ಟ ಹಾಗೆ ಅದೂ ಬಿಟ್ಟಿತ್ತು. ಕಣ್ಣಿನ ಪೊರೆಯನ್ನೂ ಬಿಟ್ಟಿತ್ತು ಅಣ್ಣಾ! ಬಿಟ್ಟಮೇಲೆ ಮೈ ಕಳಿತ ಹಣ್ಣಿನಷ್ಟು ಮೆತ್ತಗಿರುತ್ತದಂತೆ, ಯಾರು ಬೇಕಾದರೂ ತಿಂದುಹಾಕಬಹುದಂತೆ. ಅದಕ್ಕೇ ಗಟ್ಟಿಯಾಗುವ ತನಕ ಶಂಖದ ಆಳದಲ್ಲಿ ಅಡಗಿರುತ್ತದೆ. ಮಾಸ್ತರರಿಗೂ ಗೊತ್ತಿರಲಿಲ್ಲ, ಪುಸ್ತಕ ತೆಗೆದು ನೋಡಿ ಹೇಳಿದರು. ನನ್ನ ಕೈಯಿಂದಲೇ 'ಸತ್ತಿತು' ಹೊಡೆದುಹಾಕಿಸಿ, 'ಪೊರೆ ಕಂಡಿತು' ಎಂದು ಬರೆಸಿದರು. ಆ ಪೊರೆ ಈಗ ಬೆಂಕಿಪೆಟ್ಟಿಗೆಯಲ್ಲಿ ಅರಳೆಯ ಮೇಲಿದೆ.

ಇನ್ನು ಮನೆಯ ವಿಷಯ. ಕಳೆದ ಶುಕ್ರವಾರ ಶಿಬಿರದವರ ಪತ್ರ, ಜೊತೆಗೊಂದು ಗಂಟು ಬಂತು. ಸೆಪ್ಟೆಂಬರ್ ಏಳರಂದು ಇಳಿತದಲ್ಲಿ ಬಂಡೆಯ ಮೇಲಿನ ಚಿಪ್ಪು ಎಣಿಸಲು ನೀನೊಬ್ಬನೇ ಹೋಗಿದ್ದೆಯಂತೆ. ಮೂರು ಗಂಟೆಯ ತನಕ ಕಂಡಿದ್ದೆಯಂತೆ. ಮೂರು ವಾರ ಹುಡುಕಿದರಂತೆ. ಬಂಡೆಯ ಮೇಲೆ ಸಿಕ್ಕದ್ದು ನಿನ್ನ ಅಂಗಿ ಮಾತ್ರ. ಅಪ್ಪ ಅಂಚು ಮುಟ್ಟಿ ನೋಡಿ, "ನಾ ನೇದ ಬಟ್ಟಿ ನನಗ ತಿಳೀದೇನು" ಎಂದು ಗೋಡೆಗೆ ಒರಗಿದ. ಗಂಟನ್ನು ಮತ್ತೆ ಬಿಚ್ಚಲು ಯಾರಿಗೂ ಬಿಟ್ಟಿಲ್ಲ.

ನಾಳೆ ಮಹಾನವಮಿ ಅಮಾವಾಸ್ಯೆ, ಸತ್ತ ಹಿರಿಯರಿಗೆ ಎಡೆ ಇಡುವ ದಿನ. ಹಿರಿಯರ ಸಾಲಿನಲ್ಲಿ ನಿನಗೂ ಒಂದು ಎಡೆ ಇಡಬೇಕೆಂದು ಅಪ್ಪ ಹೇಳಿದ್ದಾನೆ. ನಮ್ಮ ಮನೆತನದ ರೀತಿ ನಿನಗೆ ಗೊತ್ತಲ್ಲ. ಸಕ್ರಪ್ಪಜ್ಜ ಸೊಲ್ಲಾಪುರದ ಗಿರಣಿಗೆ ಹೋಗಿ ಆರು ವರ್ಷ ಸುದ್ದಿ ಕೊಡದಿದ್ದಾಗ ಎಡೆ ಇಟ್ಟರು. ಏಳನೇ ವರ್ಷ ಆತ ನಡೆದುಕೊಂಡು ಬಂದ. ಹೆಸರು ಹಿರಿಯರಿಗೆ ಸೇರಿಹೋಗಿತ್ತು, ಕರೆಯುವಂತಿರಲಿಲ್ಲ. ಸಾಯುವ ತನಕ ಕಟ್ಟೆಯ ಮೇಲೆಯೇ ಉಂಡ, ಕಟ್ಟೆಯ ಮೇಲೆಯೇ ಮಲಗಿದ. ಅವ್ವ ಸಹ "ಏ, ಹೊರಗಿನಾಂವ" ಎನ್ನುತ್ತಿದ್ದಳು. ನೀನು ಸಣ್ಣವನಿದ್ದಾಗ ಅವನ ಜೊತೆ ಚೌಕಾಬಾರ ಆಡಿದ್ದೀಯಲ್ಲ, ಆ ಅಜ್ಜ. ದೇವೇಂದ್ರಪ್ಪ ಎಂಬ ನಿನ್ನ ಹೆಸರನ್ನು ನಾಳೆ ಹಾಗೆ ಕೊಟ್ಟುಬಿಡಲು ನನಗೆ ಆಗುವುದಿಲ್ಲ. ಇವತ್ತು ಗಾಂಧಿ ಜಯಂತಿಯ ರಜೆ. ಆದರೂ ಮಾಸ್ತರರನ್ನು ಕಾಡಿ ಬೆಂಕಿಪೆಟ್ಟಿಗೆ ತಂದಿದ್ದೇನೆ. ಸಂಜೆ ಅಪ್ಪನಿಗೆ ತೋರಿಸುತ್ತೇನೆ.

ಮುಂದಿನ ತಿಂಗಳು ಒಂದನೇ ತಾರೀಖಿಗೆ ನಾವು ಮುಂಬೈ ರಾಜ್ಯದವರಲ್ಲ ಗೊತ್ತೇ? ಹೊಸ ನಕಾಶೆ ಬರೆಯುತ್ತಿದ್ದೇವೆ. ಕನ್ನಡದ ಕಡಲಂಚಿಗೆ ನೀಲಿ ಬಳಿಯುವ ಕೆಲಸ ನನ್ನದು. ನೀನಿರುವ ಜಾಗ ಬಂದಾಗ ಕುಂಚ ಎತ್ತಿಬಿಟ್ಟೆ. ಅಷ್ಟು ಅಂಚು ಬಿಳಿಯಾಗಿಯೇ ಇದೆ. ಈ ಪತ್ರವನ್ನು ಶಿಬಿರದವರು ಇಳಿತದ ಹೊತ್ತಿಗೆ ಅದೇ ಬಂಡೆಯ ಮೇಲೆ ಕಲ್ಲಿನಡಿ ಇಡಲಿ ಎಂದು ಬೇರೆ ಚೀಟಿ ಬರೆದಿದ್ದೇನೆ.

ಅವ್ವ ಅಪ್ಪನ ಆಶೀರ್ವಾದ, ಮಾಸುಮಬಿಯ ಸಲಾಮು, ಹನ್ನೆರಡು ಬಾಡಿಗೆದಾರರ ನೆನಪುಗಳು.

ನಿನ್ನ ತಂಗಿ,
ನೀಲಗಂಗವ್ವ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ಅಪ್ಪ ಪೊರೆಯನ್ನು ಅಂಗೈಯಲ್ಲಿಟ್ಟು ಬೆನ್ನಿನ ಸೀಳನ್ನು ಬಹಳ ಹೊತ್ತು ನೋಡಿದ. ಎದ್ದುಹೋಗಿ ನಿನ್ನ ಅಂಗಿ ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದ. ಗುಂಡಿಗಳು ಕುತ್ತಿಗೆಯವರೆಗೂ ಹಾಕಿದಂತೆಯೇ ಇವೆ ಅಣ್ಣಾ, ತೋಳಿನವೂ. ಬೆನ್ನು ಮಾತ್ರ ಮೇಲಿಂದ ಕೆಳಗಿನ ತನಕ ತೆರೆದಿದೆ. ಅಪ್ಪ ಎಳೆ ಎಳೆಯಾಗಿ ನೋಡಿದ. "ಒಂದೂ ನೂಲು ಕಡದಿಲ್ಲ. ಹರದದ್ದಲ್ಲ ಇದು, ಬಟ್ಟಿ ತಾನ ಬಾಯಿ ಬಿಟ್ಟೈತಿ" ಎಂದ. ಅವ್ವ ಕೇಳಿದ್ದು ಒಂದೇ ಮಾತು: "ಮೊದಲಿಗೆ ಮೆತ್ತಗ ಇರತೈತೇನ ಅದು?" ನಾನು ಹೂಂ ಎಂದೆ. ಅವಳು ತುಪ್ಪದ ಡಬ್ಬಿಯನ್ನು ಈ ಪತ್ರದ ಜೊತೆ ಕಟ್ಟಿದಳು, ಆಮೇಲೆ ಅರ್ಧ ರೊಟ್ಟಿ ತಿಂದಳು. ನಾಳೆ ಎಡೆ ಇಲ್ಲ. ಮಗ್ಗ ಸದ್ದು ಮಾಡುತ್ತಿದೆ, ನಿನಗೇ ಬಟ್ಟೆ. ಆದರೆ ಪೊರೆ ಬಿಟ್ಟದ್ದು ಮೊದಲಿಗಿಂತ ದೊಡ್ಡದಾಗುತ್ತದೆ, ಎಷ್ಟೆಂದು ಪುಸ್ತಕದಲ್ಲಿಲ್ಲ. ಅಪ್ಪ ಕೇಳುತ್ತಿದ್ದಾನೆ, ಈಗ ನಿನ್ನ ಅಳತೆ ಎಷ್ಟು? ಕೈಯಲ್ಲಿ ಬರೆಯಲು ಆಗದಿದ್ದರೆ ಉಸುಕಿನಲ್ಲಿ ಮಲಗಿ ಎದ್ದು ಹೋಗು, ಶಿಬಿರದವರು ಅಳೆದು ಕಳಿಸುತ್ತಾರೆ.