ಸದ್ದಿಲ್ಲದ ಪಂಪು

ಮೇ 4, ಭಾನುವಾರ

ಗಂಜಿ ಕುಡಿದು ಮತ್ತೆ ಟೇಪು ಹಿಡಿದೆ. ಬಚ್ಚಲಿನಿಂದ ಅಡುಗೆಮನೆಗೆ ಪೈಪು ನೇರ ಹೋಗುವುದಿಲ್ಲ, ಮೂಲೆ ತಿರುಗಬೇಕು. ತಿರುಗಲಿ. ಹೊಸ ಮನೆಯ ಗೋಡೆ ಎದ್ದಿದೆ, ತಗಡು ಹೊದಿಸಿಯಾಗಿದೆ. ಇನ್ನು ಬೆಳಕು ಮತ್ತು ನೀರು. ಸರ್ಕಾರದ ಕಂಬ ಈ ಮರಳು ದಾಟಿ ನಮ್ಮ ದನದ ಹಟ್ಟಿಗೆ ಬರುವಷ್ಟರಲ್ಲಿ ನನ್ನ ಮೊಮ್ಮಕ್ಕಳಿಗೆ ನರೆ ಬಂದಿರುತ್ತದೆ. ಮಕ್ಕಳೇ ಇಲ್ಲದವಳಿಗೆ ಮೊಮ್ಮಕ್ಕಳು ಬೇರೆ!

ನಮ್ಮೂರು ಸೆರೋವೆಯ ಸೋಲಾರ್ ಅಂಗಡಿಯ ಬಾಶಿ ಬಂದಿದ್ದ. ಮಾತಿನ ಮಲ್ಲ. ಒಂದು ದೊಡ್ಡ ಇನ್ವರ್ಟರ್ ಹಾಕಿ ಎಲ್ಲವನ್ನೂ ಅದಕ್ಕೇ ಸಿಕ್ಕಿಸಿಬಿಡೋಣ ಎಂದ. ಬೇಡ ಎಂದೆ. ಇನ್ವರ್ಟರ್ ಮಲಗಿದರೆ ಫ್ರಿಜ್ಜೂ ಮಲಗುತ್ತದೆ. ಫ್ರಿಜ್ಜಿಗೆ ಬೇರೆಯೇ ಪ್ಯಾನೆಲ್, ಬೇರೆಯೇ ಬ್ಯಾಟರಿ — ಕ್ಲಿನಿಕ್ಕಿನಲ್ಲಿ ಲಸಿಕೆಗೆ ಇದ್ದ ಹಾಗೆ. ಆಯುಷ್ಯವೆಲ್ಲ ನರ್ಸ್ ಆಗಿದ್ದವಳಿಗೆ ಇಷ್ಟೂ ತಿಳಿಯದೇ? "ಅಷ್ಟು ಜೋಪಾನ ಮಾಡೋಕೆ ಅದ್ರೊಳಗೆ ಏನಮ್ಮ ಇಡ್ತೀರಾ, ಬಂಗಾರಾನಾ?" ಎಂದು ಕೇಳಿದ. ಹಾಲು ಎಂದೆ.

ಇನ್ಸುಲಿನ್. ಒಟೆಂಗನ ಇನ್ಸುಲಿನ್. ಇಲ್ಲಿ ಬರೆದುಕೊಳ್ಳಲು ಏನು ನಾಚಿಕೆ.

ಬಸ್ ಓಡಿಸುತ್ತಿದ್ದ ಕಾಲದಲ್ಲಿ ಸಕ್ಕರೆ ಪರೀಕ್ಷೆಗೆಂದು ನನ್ನ ಮೇಜಿನ ಮುಂದೆ ಬಂದು ಕೂತವನು. ಹೆಂಡತಿ ತೀರಿಕೊಂಡು ಆಗಲೇ ಮೂರು ವರ್ಷ. ಅಂದಿನಿಂದ ನನ್ನವನು. ಆದರೆ ನನ್ನ ಮನೆಯವನಲ್ಲ. ಮಹಲಪ್ಯೆಯಲ್ಲಿ ಅವನದೇ ಎರಡು ಕೋಣೆ ಇದೆ, ಪಕ್ಕದಲ್ಲಿ ಮಗಳು. ತಿಂಗಳಿಗೊಮ್ಮೆ ಬರುತ್ತಾನೆ, ಕತ್ತಲಾಗುವ ಮೊದಲೇ ಹೊರಡುತ್ತಾನೆ. ಪೆನ್ಷನ್ ಆದಮೇಲೆ ಇಬ್ಬರೂ ಹಟ್ಟಿಯಲ್ಲಿ ಇರೋಣ ಎಂದಿದ್ದೆ. ಈಸ್ಟರ್‌ಗೆ ಬಂದಾಗ ಅವನು ಹೇಳಿದ್ದು: ಮದ್ದು ಇಡಲು ಹಟ್ಟಿಯಲ್ಲಿ ತಣ್ಣನೆಯ ಜಾಗವೆಲ್ಲಿದೆ?

ಜಾಗ ಬರುತ್ತಿದೆ ಒಟೆಂಗ್. ಬಾಶಿ ಗುರುವಾರ ತರುತ್ತಾನಂತೆ.

ಮೇ 9

ಫ್ರಿಜ್ಜು ಬಂತು. ಪೆಟ್ಟಿಗೆಯ ಹಾಗೆ ಮೇಲಿನಿಂದ ತೆಗೆಯುವಂಥದು, ತಂಪು ಸೋರುವುದಿಲ್ಲ. ಥರ್ಮಾಮೀಟರ್ ಇಟ್ಟು ದಿನವಿಡೀ ನೋಡಿದೆ. ಮುಳ್ಳು ಅಲ್ಲಾಡಲಿಲ್ಲ. ಒಳಗೆ ಮೊಸರಿನ ಡಬ್ಬಿ ಒಂದೇ, ದಿಕ್ಕಿಲ್ಲದ್ದರ ಹಾಗೆ.

ಇಲ್ಲಿ ಫೋನ್ ಸಿಗುವುದು ದೊಡ್ಡ ಗೆದ್ದಲು ಹುತ್ತದ ಮೇಲೆ ಮಾತ್ರ. ಹತ್ತಿ ನಿಂತು ಒಟೆಂಗನಿಗೆ ಹೇಳಿದೆ. ಒಳ್ಳೆಯದಾಯಿತು ಎಂದ. ಆಮೇಲೆ ಮಂಡಿ ನೋವಿನ ವಿಷಯ ಎತ್ತಿದ. ಗುಂಡಿ ಕಕ್ಕಸಿನಲ್ಲಿ ಕುಕ್ಕರುಗಾಲಲ್ಲಿ ಕೂತರೆ ಏಳಲು ಆಗುವುದಿಲ್ಲವಂತೆ, ರಾತ್ರಿ ಹೊರಗೆ ಹೋಗುವುದು ಇನ್ನೂ ಕಷ್ಟವಂತೆ.

ಸರಿ. ಕಮೋಡು. ಮನೆಯೊಳಗೇ.

ಮೇ 20

ಸೆಪ್ಟಿಕ್ ಟ್ಯಾಂಕಿನ ಗುಂಡಿ ಆಯಿತು. ಬೋರ್‌ವೆಲ್ಲಿನಿಂದ ದೂರ, ಇಳಿಜಾರಿನ ಕಡೆ. ಬಾಶಿ ಹತ್ತಿರವೇ ತೋಡಿಸಲು ಹೊರಟಿದ್ದ, ಪೈಪು ಉಳಿಯುತ್ತದಂತೆ. ಪೈಪು ಉಳಿಸಿ ನಮ್ಮದನ್ನು ನಾವೇ ಕುಡಿಯೋಣವೇ ಎಂದೆ. ಇಳಿಜಾರಿನ ಕಡೆ ನಡೆದ.

ಬಿಸಿನೀರಿಗೆ ಸೋಲಾರ್ ಗೀಸರ್ ಬೇಡವೆಂದು ತೀರ್ಮಾನ. ನಮ್ಮ ನೀರು ಉಪ್ಪು. ಒಂದು ವರ್ಷದಲ್ಲಿ ಕೊಳವೆಯೊಳಗೆ ಸುಣ್ಣ ಕಟ್ಟಿ ಕೂರುತ್ತದೆ. ಹಳೆಯ ಕತ್ತೆಯೇ ಸಾಕು. ಕತ್ತೆ ಎಂದರೆ ಗೋಡೆಯ ಹೊರಗಡೆ ಕಟ್ಟೆಯ ಮೇಲೆ ಮಲಗಿಸಿದ ಡ್ರಮ್ಮು. ಹೊಟ್ಟೆಯ ಕೆಳಗೆ ಸೌದೆ ಉರಿಸಿದರೆ ಬಚ್ಚಲಿಗೆ ಬಿಸಿನೀರು. ಏನು ಹಾಕಿದರೂ ಸುಮ್ಮನೆ ದುಡಿಯುತ್ತದೆ, ಅದಕ್ಕೇ ಎಲ್ಲರೂ ಕತ್ತೆ ಎನ್ನುವುದು.

ದನ ಕಾಯುವ ಟೌ ನಗುತ್ತ ನಿಂತಿದ್ದ. ನಮ್ಮಪ್ಪನ ಕಾಲದಿಂದ ಇರುವವನು, ಸಲುಗೆ ಜಾಸ್ತಿ. "ಒಬ್ರು ಕೂರೋಕೆ ಇಷ್ಟು ದೊಡ್ಡ ಗುಂಡಿ ಯಾಕಮ್ಮ?" ಎಂದ. ಒಬ್ಬರಲ್ಲ ಎಂದೆ. ಅವನು ನಗುವುದನ್ನು ನಿಲ್ಲಿಸಿ ಸನಿಕೆ ಎತ್ತಿಕೊಂಡ. ಆ ಕರುಣೆ ನನಗೆ ಬೇಕಿರಲಿಲ್ಲ.

ಮೇ 24

ಮತ್ತೆ ಹುತ್ತ. ಕಮೋಡು ಕೂತಿದೆ ಎಂದು ಹೇಳಿದೆ, ಹಿಡಿದುಕೊಳ್ಳಲು ಗೋಡೆಗೆ ಸರಳು ಹಾಕಿಸಿದ್ದನ್ನೂ ಹೇಳಿದೆ. ಎಲ್ಲ ಚೆನ್ನಾಗಿದೆ ಎಂದ. ಆದರೆ ಬೋರ್‌ವೆಲ್ಲಿನ ನೀರೆತ್ತುವ ಆ ಡೀಸೆಲ್ ಇಂಜಿನ್ ಇದೆಯಲ್ಲ, ಬೆಳಿಗ್ಗೆ ಎದ್ದರೆ ಡುಗುಡುಗು, ಅವನಿಗೆ ತಲೆನೋವು ಬರುತ್ತದಂತೆ.

ಬದುಕೆಲ್ಲ ಬಸ್ಸಿನ ಇಂಜಿನ್ನಿನ ಪಕ್ಕದಲ್ಲಿ ಕೂತವನಿಗೆ!

ಆದರೂ ರೇಗಲಿಲ್ಲ. ಕಾರಣ ಹೇಳುತ್ತಿದ್ದಾನೆ ಎಂದರೆ ಬರುವ ಯೋಚನೆ ಇದೆ ಎಂದೇ ಅರ್ಥ ಮಾಡಿಕೊಂಡೆ. ಹಸಿದವಳಿಗೆ ಹೊಗೆಯೂ ಊಟದ ಹಾಗೆ ಕಾಣುತ್ತದೆ. ಬಾಶಿಗೆ ಫೋನ್ ಮಾಡಿ ಸೋಲಾರ್ ಪಂಪು ತರಲು ಹೇಳಿದೆ. ಸದ್ದೇ ಇಲ್ಲದ್ದು.

ಜೂನ್ 3

ಪಂಪು ಬೋರ್‌ವೆಲ್ಲಿನೊಳಗೆ ಇಳಿಯಿತು. ಬಿಸಿಲು ಬಿದ್ದರೆ ತಾನೇ ಓಡುತ್ತದೆ, ಟ್ಯಾಂಕು ತುಂಬಿದರೆ ತಾನೇ ನಿಲ್ಲುತ್ತದೆ. ಅಪ್ಪನ ಇಂಜಿನ್ನಿಗೆ ಗೋಣಿ ಹೊದಿಸಿದೆ. ಏನೋ ಸಂಕಟವಾಯಿತು, ನಿಜ. ಆದರೆ ಸಂಜೆ ಹೊರಗೆ ಕೂತರೆ ಎಂಥ ಮೌನ! ಪಾರಿವಾಳ ನೀರು ಕುಡಿಯುವುದೂ ಕೇಳುತ್ತದೆ. ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡಿದ್ದೆ.

ಒಟೆಂಗ್ ಇಲ್ಲಿದ್ದರೆ ಮಾತೇ ಆಡುತ್ತಿರಲಿಲ್ಲ. ಹಲ್ಲಿನ ಸಂದಿಯಲ್ಲಿ ಸಿಳ್ಳೆ ಹಾಕುತ್ತ ಕೂತಿರುತ್ತಿದ್ದ. ಅಷ್ಟೇ ಸಾಕು ನನಗೆ. ಅಷ್ಟೇ ಬೇಕು.

ಜೂನ್ 6

ದನಗಳಿಲ್ಲ.

ತೊಟ್ಟಿ ಅಂಚಿನವರೆಗೆ ತುಂಬಿ ನಿಂತಿದೆ. ಕುಡಿಯುವವರು ಇಲ್ಲ. ಮೊದಲ ದಿನ ದೂರ ಹೋಗಿರಬೇಕು ಎಂದುಕೊಂಡೆವು. ಇವತ್ತು ಟೌ ಕುದುರೆ ಹತ್ತಿ ಕಾಡೆಲ್ಲ ಸುತ್ತಿ ಬಂದ. ಅಷ್ಟೂ ದನ ಪಕ್ಕದ ಹಟ್ಟಿಯಲ್ಲಿವೆ. ಅಲ್ಲಿನ್ನೂ ಡೀಸೆಲ್ ಇಂಜಿನ್ ಬಡಿದುಕೊಳ್ಳುತ್ತದೆ.

ಆಗ ಹೊಳೆಯಿತು. ಇಂಜಿನ್ ಸದ್ದು ಕೇಳಿದರೆ ನೀರು ಬಂತು ಎಂದು ಅರ್ಥ — ನಮ್ಮ ದನಗಳಿಗೆ ಅಪ್ಪ ಕಲಿಸಿದ್ದು ಅದೊಂದೇ ಪಾಠ. ಕಾಡಿನ ಯಾವ ಮೂಲೆಯಲ್ಲಿದ್ದರೂ ಡುಗುಡುಗು ಕೇಳಿದರೆ ತಾಯಿಯಿಂದ ಕರುವಿನವರೆಗೆ ಸಾಲಾಗಿ ಬರುತ್ತವೆ. ಸೀಮೆಗೆಲ್ಲ ಗೊತ್ತಿರುವ ವಿಷಯ. ಸದ್ದಿಲ್ಲದ ಪಂಪು ತಂದು ಹಾಕುವಾಗ ನನಗೂ ನೆನಪಾಗಲಿಲ್ಲ, ಟೌಗೂ ಆಗಲಿಲ್ಲ. ನಾನು ದನಗಳನ್ನು ಮರೆತು ಒಬ್ಬನ ತಲೆನೋವನ್ನು ನೆನೆಯುತ್ತಿದ್ದೆ.

ದನ ಬಿಡಿಸಿಕೊಂಡು ಬರಲು ಹೋದರೆ ಪಕ್ಕದ ಹಟ್ಟಿಯ ಮುದುಕ ಚಹಾ ಕೊಟ್ಟು ಚೆನ್ನಾಗಿ ಹಂಗಿಸಿದ. ನಿಮ್ಮಲ್ಲಿ ನೀರಿಗೆ ಬರವೇ, ಇಲ್ಲ ನಮ್ಮ ಹೋರಿಯ ಮೇಲೆ ಕಣ್ಣೇ ಎಂದ. ಕೇಳಿಸಿಕೊಂಡು ಬಂದೆ. ತಪ್ಪು ನಮ್ಮದು.

ಜೂನ್ 8

ಉಪಾಯ: ಇಂಜಿನ್ನಿನ ಬೆಲ್ಟು ಬಿಚ್ಚಿ, ದಿನಾ ಬೆಳಿಗ್ಗೆ ಸುಮ್ಮನೆ ಓಡಿಸುವುದು. ನೀರೆತ್ತುವುದು ಸೂರ್ಯ, ಕೂಗುವುದು ಡೀಸೆಲ್. ಮಧ್ಯಾಹ್ನದ ಹೊತ್ತಿಗೆ ಎಲ್ಲ ಬಂದವು. ಟೌ ನೆಲದ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕ.

ಒಟೆಂಗನಿಗೂ ಹೇಳಿದೆ. ಅವನೂ ನಕ್ಕ, ಕೆಮ್ಮು ಬರುವಷ್ಟು. ಹಾಗಾಗಿ ತಲೆನೋವಿನ ಇಂಜಿನ್ ಇದ್ದೇ ಇರುತ್ತದೆ, ಏನು ಮಾಡುತ್ತೀಯೋ ಮಾಡು ಎಂದೆ. ನಗು ನಿಂತಿತು. ಕಡಿದುಹೋಯಿತೇನೋ ಎಂದು ಹುತ್ತದ ತುದಿಗೆ ಹೋದೆ.

"ಸೆಥು, ನಂಗೆ ಇಂಜಿನ್ನಿಂದ ಏನೂ ಆಗಲ್ಲ. ಫ್ರಿಜ್ಜೂ ಅಲ್ಲ, ಮಂಡೀನೂ ಅಲ್ಲ."

ಮತ್ತೇನು ಎಂದೆ.

"ನಿನ್ನ ಮದುವೆಗೆ ಕೇಳೋಕೆ ನಾನು ಯಾರನ್ನ ಕಳಿಸ್ಲಿ? ಸೋದರಮಾವಂದಿರೆಲ್ಲ ಮಣ್ಣು ಸೇರಿದ್ರು. ಅಪ್ಪನ ಕಡೆ ಒಬ್ರೂ ಇಲ್ಲ. ಬ್ಯಾಗ್ ಹಿಡ್ಕೊಂಡು ಸುಮ್ನೆ ನಿಮ್ಮಪ್ಪನ ಹಟ್ಟಿಗೆ ಬಂದು ಇಳಿದ್ರೆ ಟೌ ಏನಂತಾನೆ? ದನ ಕಾಯೋಕೆ ಇನ್ನೊಬ್ಬ ಬಂದ ಅಂತಾನೆ."

ಇಷ್ಟು ವರ್ಷ ಇದನ್ನು ಹೇಳಲು ಏನಾಗಿತ್ತು ನಿನಗೆ ಎಂದೆ. "ಕೇಳೋ ವಯಸ್ಸಲ್ಲಿ ಮಾವಂದಿರಿದ್ರು, ಧೈರ್ಯ ಇರ್ಲಿಲ್ಲ. ಈಗ ಧೈರ್ಯ ಇದೆ, ಮಾವಂದಿರಿಲ್ಲ" ಎಂದ.

ಇಳಿದು ಬಂದೆ. ಸಿಟ್ಟು ಬಂದಿದೆ. ಒಬ್ಬ ಗಂಡಸಿನ ನಾಚಿಕೆಗೆ ಸೆಪ್ಟಿಕ್ ಟ್ಯಾಂಕ್ ತೋಡಿಸಿದವಳು ಈ ದೇಶದಲ್ಲಿ ನಾನೊಬ್ಬಳೇ ಇರಬೇಕು. ಸಿಟ್ಟಿನ ಕೆಳಗೆ ಇನ್ನೊಂದು ಇದೆ… ಅವನಿಗೆ ನನ್ನನ್ನು ಕೇಳಬೇಕು ಅನ್ನಿಸಿದೆ. ಈ ಅರವತ್ತೊಂದರಲ್ಲಿ.

ಜುಲೈ 12

ಒಂದು ತಿಂಗಳು ಏನೂ ಬರೆಯಲಿಲ್ಲ. ಬಲ್ಬುಗಳನ್ನು ಹಾಕಿದೆ, ನಲ್ಲಿಗಳಿಗೆ ವಾಷರ್ ಬದಲಿಸಿದೆ. ಬೆಳಕಿದೆ, ನೀರಿದೆ. ಬಚ್ಚಲಲ್ಲಿ ಬಿಸಿನೀರಿನ ಕೆಳಗೆ ನಿಂತು ಅತ್ತೆ. ಸೆರೋವೆಯಲ್ಲಿ ಬಕೆಟ್ಟಿನಲ್ಲಿ ಸ್ನಾನ ಮಾಡಿದಾಗ ಹೀಗೆ ಅಳು ಬಂದದ್ದಿಲ್ಲ.

ಕೊನೆಗೆ ಊರಿಗೆ ಹೋದೆ, ಮೊಲೆಫಿ ಮಾವನ ಮನೆಗೆ. ಅಮ್ಮನ ತಮ್ಮ, ನಮ್ಮ ಮನೆಯ ಮದುವೆ ಮಾತೆಲ್ಲ ಅವನ ಬಾಯಿಂದಲೇ ಆಗಬೇಕು. ಒಟೆಂಗನನ್ನು ನೀನೇ ಕರೆದು ಮಾತಾಡು ಮಾವ ಎಂದೆ. ಮುದುಕ ಕುರ್ಚಿಯಿಂದ ಅರ್ಧ ಎದ್ದ. "ಹೆಣ್ಣಿನ ಕಡೆಯವರು ಹೋಗಿ ಗಂಡಿನ ಬಾಗಿಲು ತಟ್ಟೋದುಂಟೇನೇ? ನಿಂಗೆ ತಲೆ ನೆಟ್ಟಗಿದೆಯಾ?"

ಆಮೇಲೆ ನಶ್ಯ ಏರಿಸಿ, ಸೀನಿ, ಸಮಾಧಾನವಾದಮೇಲೆ ಗೊಣಗಿದ. ಮಾವಂದಿರು ಸತ್ತರೆ ಊರು ಸತ್ತಿಲ್ಲವಲ್ಲ. ಜೊತೆಯಲ್ಲಿ ದುಡಿದವರು, ಒಂದೇ ತಟ್ಟೆಯಲ್ಲಿ ಉಂಡವರು ಯಾರೂ ಇಲ್ಲವೇ ಅವನಿಗೆ? ಬಂದರೆ ಪದ್ಧತಿಯಂತೆ ಕೋಳಿ ಕೂಗುವ ಹೊತ್ತಿಗೆ ಬರಲಿ, ಹೊದಿಕೆ ಹೊದ್ದ ಹೆಂಗಸರನ್ನೂ ಕರೆತರಲಿ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡ ಎಂದ.

ಹೇಳಿದೆ. ಒಟೆಂಗನಿಗೆ, ಫೋನಿನಲ್ಲೇ. ಅವನು ನೋಡ್ತೀನಿ ಎಂದ.

ಆಗಸ್ಟ್ 9, ಶನಿವಾರ — ಸೆರೋವೆ

ಬಂದರು. ಮೂವರು ಮುದುಕರು, ಮೂವರಿಗೂ ಕೋಟು, ಮೂವರೂ ನಿವೃತ್ತ ಬಸ್ ಡ್ರೈವರ್‌ಗಳು. ಅವರ ಹೆಂಡಂದಿರು ಹೊದಿಕೆ ಪಿನ್ನು ಹಾಕಿಕೊಂಡು ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದರು. ಇವರು ಒಟೆಂಗನ ಮಾವಂದಿರು ಎಂದಾಗ ನಮ್ಮವರು ಯಾರೂ ಹುಬ್ಬೇರಿಸಲಿಲ್ಲ. ನಾನು ಒಳಕೋಣೆಯಲ್ಲಿದ್ದೆ. ಬಾಗಿಲ ಸಂದಿಯಿಂದ ಬೂಟುಗಳು ಮಾತ್ರ ಕಾಣುತ್ತಿದ್ದವು. ಎಲ್ಲವೂ ಪಾಲಿಶ್ ಆಗಿದ್ದವು.

ಮಾತೆಲ್ಲ ಮುಗಿದು ನನ್ನನ್ನು ಕರೆದರು. ನೆಲದ ಮೇಲೆ ಕೂತೆ. ಒಪ್ಪಿಗೆಯೇ ಎಂದು ಕೇಳಿದರು. ಒಪ್ಪಿಗೆ ಎಂದೆ. ಹಾಗಾದರೆ ಸುಗ್ಗಿ ಕಾಯುವುದು ಬೇಡ, ಮುಂದಿನ ತಿಂಗಳೇ ಮಹಲಪ್ಯೆಗೆ, ಗಂಡನ ಮನೆಗೆ ಕಳಿಸುತ್ತೇವೆ ಎಂದ ಮೊಲೆಫಿ ಮಾವ.

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಮದುವೆಗೆ ಕೇಳಿಸಿಕೊಂಡ ಹೆಣ್ಣು ಕೇಳಿದವನ ಮನೆಗೆ ಹೋಗಬೇಕು. ಸರಿಯೇ. ಎಲ್ಲರಿಗೂ ಗೊತ್ತು, ನನಗೂ ಗೊತ್ತು. ಅವನ ಎರಡು ಕೋಣೆ, ಬೀದಿ ದೀಪ, ಊರ ನಲ್ಲಿ, ಮಗಳ ಟಿವಿ. ನನ್ನ ಮನೆ, ನನ್ನ ದನ, ನಾನು ಒಂದೊಂದೇ ಆರಿಸಿದ ಪೈಪು…

"ನಾನು ಒಪ್ಪಿದ್ದೀನಿ. ಆದ್ರೆ ಹಟ್ಟಿ ಬಿಟ್ಟು ಬರಲ್ಲ. ಅವನೇ ಬರ್ಲಿ" ಎಂದೆ. ತಲೆ ಎತ್ತದೆಯೇ ಹೇಳಿದೆ.

ಹೆಂಗಸರು ನಾಲಿಗೆ ಕಚ್ಚಿಕೊಂಡರು. ಹೆಂಡತಿಯ ಮನೆಯಲ್ಲಿ ಉಣ್ಣುವ ಗಂಡಸಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಮಾವ ನನ್ನ ಪರವಾಗಿ ಕ್ಷಮೆ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಡ್ರೈವರ್‌ಗಳಲ್ಲಿ ಹಿರಿಯನಾದವನು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ನಾವು ಬಸ್ಸಿನವರು. ಎಲ್ಲಿ ಇಳೀಬೇಕು ಅಂತ ಪ್ಯಾಸೆಂಜರ್ ಹೇಳ್ತಾರೆ, ಡ್ರೈವರ್ ಹೇಳಲ್ಲ. ಹೋಗಿ ಅವನನ್ನ ಕೇಳ್ತೀವಿ."

ಎದ್ದು ಹೋದರು. ಮಾವ ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಆಗಸ್ಟ್ 23

ಗಾಳಿ. ಎಲ್ಲೆಲ್ಲೂ ಮರಳು. ಪ್ಯಾನೆಲ್ ಒರೆಸಿದೆ, ಮತ್ತೆ ಒರೆಸಿದೆ. ಹುತ್ತ ಹತ್ತುವುದಿಲ್ಲ. ಈಗ ನಾನು ಫೋನ್ ಮಾಡುವಂತಿಲ್ಲ. ಮಾತು ಹಿರಿಯರ ಕೈಯಲ್ಲಿದೆ. ಅವನೂ ಮಾಡುವಂತಿಲ್ಲ.

ಮದುವೆಗೆ ಕೇಳುವ ಮೊದಲು ತಿಂಗಳಿಗೊಮ್ಮೆಯಾದರೂ ಬರುತ್ತಿದ್ದ. ಈಗ ಅದೂ ಇಲ್ಲ. ಬಾಯಿ ಬಿಟ್ಟು ಇದ್ದದ್ದನ್ನೂ ಕಳೆದುಕೊಂಡೆನೇನೋ. ಅವನನ್ನು ನೋಡಬೇಕು ಅನ್ನಿಸುತ್ತದೆ. ಬೇರೆ ಏನೂ ಅನ್ನಿಸುವುದಿಲ್ಲ.

ಸೆಪ್ಟೆಂಬರ್ 5, ಶುಕ್ರವಾರ

ಲಾರಿ ಬಂತು. ಹಿಂದೆ ಮೂರು ದನ. ಒಂದು ಕೆಂದು, ಎರಡು ಮಚ್ಚೆಯವು. ಹೆಣ್ಣಿಗೆ ತೆರ ಕೊಡುವ ದನಗಳಲ್ಲ ಇವು, ಅವು ಸೆರೋವೆಯಲ್ಲಿ ಮಾವನ ದೊಡ್ಡಿ ಸೇರಿವೆ. ಮಾವ ಮಾತೂ ಶುರುಮಾಡಿದ್ದಾನಂತೆ. ಇವು ಒಟೆಂಗನ ಸ್ವಂತದವು. ಇಷ್ಟು ದಿನ ಅವನ ಭಾವನ ಹಟ್ಟಿಯಲ್ಲಿದ್ದವು.

ಇಲ್ಲಿಯೇ ಇಳಿಸಲು ಹೇಳಿದ್ದಾನೆ ಎಂದ ಲಾರಿಯವನು. ಇನ್ನು ಮೇಲೆ ಇಲ್ಲಿಯ ನೀರೇ ಕುಡಿಯಲಿ ಎಂದನಂತೆ. ಬೇರೆ ಏನೂ ಹೇಳಿ ಕಳಿಸಿಲ್ಲ.

ಟೌ ನನ್ನ ಮುಖ ನೋಡಿದ, ನಾನು ಟೌ ಮುಖ ನೋಡಿದೆ. ಗಂಡಸಿನ ದನ ಎಲ್ಲಿ ನೀರು ಕುಡಿಯುತ್ತದೋ ಅವನ ಮನೆ ಅದೇ. ಇದನ್ನು ನಮ್ಮಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಸೆಪ್ಟೆಂಬರ್ 8

ಒಟೆಂಗನ ದನಗಳು ಹೊಂದಿಕೊಂಡಿಲ್ಲ. ಬೇಲಿಗೆ ಎದೆ ಒತ್ತಿ, ಬಂದ ದಿಕ್ಕಿಗೆ ಮುಖ ಮಾಡಿ ನಿಂತಿವೆ. ಬಕೆಟ್ಟಿನಲ್ಲಿ ನೀರು ಹೊತ್ತು ಕುಡಿಸಿದೆ. ಸೊಂಟ ಬಿದ್ದುಹೋಯಿತು. ಟೌ ನಾನು ಮಾಡುತ್ತೇನೆ ಎಂದ, ಬಿಡಲಿಲ್ಲ. ಕೆಂದು ಹಸು ಕುಡಿದು ಮುಗಿಸಿ ಒದ್ದೆ ಮೂತಿಯನ್ನು ನನ್ನ ತೋಳಿಗೆ ಒರೆಸಿತು. ಬೈದೆ. ಆಮೇಲೆ ಅದರ ಕುತ್ತಿಗೆಗೆ ಹಣೆ ಇಟ್ಟುಕೊಂಡು ನಿಂತೆ.

ಈಗ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಚಹಾ ಕುದಿಯುತ್ತಿದೆ. ಗೇಟಿನ ಹತ್ತಿರ ಟೌ ಯಾರ ಜೊತೆಗೋ ಮಾತಾಡುತ್ತಿದ್ದಾನೆ. ಮುಳ್ಳುಬೇಲಿ ಅಡ್ಡ, ಯಾರೆಂದು ಕಾಣುವುದಿಲ್ಲ. ಟಾರು ರಸ್ತೆಯಿಂದ ನಡೆದೇ ಬಂದಿರಬೇಕು, ಗಾಡಿಯ ಧೂಳಿಲ್ಲ. ಟೌ ಯಾರ ಚೀಲವನ್ನೂ ಎತ್ತುವ ಆಳಲ್ಲ, ನಮ್ಮಪ್ಪನದನ್ನೂ ಎತ್ತಿದವನಲ್ಲ. ಈಗ ಎರಡೂ ಕೈಯಲ್ಲಿ ಎರಡು ಚೀಲ ಹಿಡಿದು ಹಿಂದೆ ಹಿಂದೆ —