ಜೋಳ ಸುರಿದ ಮಗುವಿನ ಅಕ್ಕಾವ್ರಿಗೆ

ಗದಗ
೨೧೮೮ನೇ ಇಸವಿ, ಎರಡನೇ ಶ್ರಾವಣದ ಮೂವತ್ತೇಳನೇ ದಿನ

ಅಕ್ಕಾವ್ರಿಗೆ ಬಸಲಿಂಗವ್ವನ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ತಿಂಗಳಿಗೆ ನಲವತ್ತು ದಿನ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಕಡತಗಳಿಂದ ಕಲಿತವಳು ನಾನು. ಮಾತು ಎಲ್ಲಾದರೂ ಸೊಟ್ಟಗಾದರೆ ಕ್ಷಮಿಸಿ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ನಮ್ಮ ಹಿಂದಂಚೆಯಲ್ಲಿ ಒಬ್ಬರಿಗೆ ಜನ್ಮಕ್ಕೆ ಒಂದೇ ಪತ್ರ. ನನ್ನದನ್ನು ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಬಾಲವಾಡಿಯ ಒಂದು ವಿಡಿಯೊ ನಮ್ಮವರೆಗೆ ಉಳಿದಿದೆ. ನಾಲ್ಕು ವರ್ಷದ ಹುಡುಗಿ ಬಟ್ಟಲಿನಿಂದ ಚರಿಗೆಗೆ ಜೋಳ ಸುರಿಯುತ್ತಾಳೆ, ಚರಿಗೆಯಿಂದ ಬಟ್ಟಲಿಗೆ ಸುರಿಯುತ್ತಾಳೆ. ಮೂರನೇ ಸಲ ಚೆಲ್ಲುತ್ತದೆ. ಒಂದೊಂದೇ ಕಾಳು ಹೆಕ್ಕಿ ಮತ್ತೆ ಶುರು ಮಾಡುತ್ತಾಳೆ. ಮೂಲೆಯಲ್ಲಿ ನಿಮ್ಮ ಪಾದಗಳು ಕಾಣುತ್ತವೆ. ಧ್ವನಿ ಅಳಿಸಿಹೋಗಿದೆ.

ಯಂತ್ರದ ಮುಂದೆ ಕೂತು ಕೂತು ನಮ್ಮ ಮಕ್ಕಳು ಕೈ ಬಳಸುವುದನ್ನೇ ಮರೆತಿದ್ದಾಗ ಹಿರಿಯರಿಗೆ ಇದು ಸಿಕ್ಕಿತು. ಇದೇ ಮದ್ದು ಅಂದುಕೊಂಡರು. ಊರೂರಿಗೆ ಕೈಮನೆಗಳು ಬಂದವು, ಅಂದರೆ ಮಕ್ಕಳು ಕೈಯಿಂದ ಕಲಿಯುವ ಬಾಲವಾಡಿಗಳು. ಅಂಥದೊಂದರಲ್ಲಿ ನಾನು ಮೂವತ್ತು ವರ್ಷದಿಂದ ಮಕ್ಕಳಿಗೆ ಕಲಿಸುವ ಅಕ್ಕಾವ್ರು. ಬೆಳಿಗ್ಗೆ ಮಕ್ಕಳು ಸಾಲಾಗಿ ಕೂರುತ್ತಾರೆ, ನಾನು ಚಪ್ಪಾಳೆ ತಟ್ಟುತ್ತೇನೆ, ಎಲ್ಲರೂ ಒಟ್ಟಿಗೆ ಜೋಳ ಸುರಿಯುತ್ತಾರೆ. ಮೂರನೇ ಸಲ ಎಲ್ಲರೂ ಚೆಲ್ಲಬೇಕು. ಚೆಲ್ಲದವರಿಗೆ ಚೆಲ್ಲುವುದನ್ನು ಹೇಳಿಕೊಡುತ್ತೇನೆ. ನಗಬೇಡಿ, ಇಷ್ಟು ವರ್ಷ ನನಗೂ ಇದರಲ್ಲಿ ವಿಚಿತ್ರ ಏನೂ ಕಂಡಿರಲಿಲ್ಲ.

ಕಂಡದ್ದು ಮೊಮ್ಮಗಳು ಮುಗಿಲು ನನ್ನ ಕೈಮನೆಗೆ ಬಂದ ಮೇಲೆ. ಅವಳು ಸುರಿಯಲೇ ಇಲ್ಲ. ಜೋಳವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟುಕೊಂಡಳು. ಬಿಚ್ಚಲು ಹೋದರೆ, "ಅಜ್ಜಿ, ಅದು ಮಲಗೇತಿ, ಎಬ್ಬಸಬ್ಯಾಡ" ಅಂದಳು. ಮೂರನೇ ದಿನ ಮೊಳಕೆ ಬಂತು. ಒಂದೊಂದನ್ನೂ ಬೆರಳ ತುದಿಯಿಂದ ಮುಟ್ಟಿ ಮುಟ್ಟಿ ನೋಡಿದಳು. ನಾನು ಬೈಯಬೇಕಿತ್ತು, ಬೈಯಲಿಲ್ಲ. ಅಷ್ಟು ಖುಷಿ ನನಗೆ ಆ ಮನೆಯಲ್ಲಿ ಎಂದೂ ಆಗಿರಲಿಲ್ಲ.

ಸೋಮವಾರ ತಪಾಸಣೆಯವರು ಬರುತ್ತಾರೆ. ಸುರಿಯದ ಮಗುವನ್ನು ಅವರು ತಿದ್ದುಮನೆಗೆ ಒಯ್ಯುತ್ತಾರೆ. ಅಲ್ಲಿ ಕೈಗೆ ಪಟ್ಟಿ ಕಟ್ಟುತ್ತಾರೆ; ಪಟ್ಟಿಯೇ ಬೆರಳುಗಳನ್ನು ಆಡಿಸುತ್ತದೆ. ಹೋಗಿ ಬಂದ ಮಕ್ಕಳು ಚೆನ್ನಾಗಿ ಸುರಿಯುತ್ತಾರೆ, ಬೇರೇನನ್ನೂ ಮುಟ್ಟುವುದಿಲ್ಲ. ನನಗೆ ಹೆದರಿಕೆ ಅಕ್ಕಾವ್ರೇ.

ವಿಡಿಯೊದ ಆ ಹುಡುಗಿಗೆ ನೀವೇ ಹೇಳಿಕೊಟ್ಟಿರಿ, ಅದಕ್ಕೇ ನಿಮ್ಮ ಪಾದ ಅಲ್ಲಿದೆ ಎನ್ನುತ್ತಾರೆ ಅವರು. ನೀವು ಸುಮ್ಮನೆ ನಿಂತು ನೋಡಿದಿರಿ ಎನ್ನುತ್ತೇನೆ ನಾನು. ನನ್ನ ಮಾತಿಗೆ ಬೆಲೆಯಿಲ್ಲ. ಹಳೆಯ ಕೈಬರಹವಾದರೆ ತಲೆಬಾಗುತ್ತಾರೆ. ದಯವಿಟ್ಟು ಆ ದಿನದ ಹಾಜರಿ ಪುಟದಲ್ಲಿ, ಹೆಸರುಗಳ ಕೆಳಗೆ, ನಡೆದದ್ದನ್ನು ಬರೆದಿಡಿ. ಆ ಪುಸ್ತಕ ನಮ್ಮ ಕಡತದ ಕೋಣೆಯಲ್ಲಿದೆ. ದಿನಾ ಹೋಗಿ ತೆರೆಯುತ್ತೇನೆ.

ಇವತ್ತೂ ಅಲ್ಲಿ ಖಾಲಿ ಇತ್ತು. ನಾನಿನ್ನೂ ಈ ಪತ್ರ ಅಂಚೆಗೆ ಹಾಕಿಲ್ಲ, ನಿಮಗೆ ಮುಟ್ಟಿಲ್ಲ, ಅದಕ್ಕೇ ಖಾಲಿ ಅಂದುಕೊಂಡು ಮನೆಗೆ ಬಂದೆ. ನೀವೇ ಹೇಳಿಕೊಟ್ಟಿದ್ದಿರಿ, ಅದಕ್ಕೇ ಬರೆದಿಲ್ಲ ಅಂದುಕೊಳ್ಳಲು ನನಗೆ ಧೈರ್ಯ ಸಾಲದು.